ಚಾಂಪಿಯನ್ ರೀಫ್ಸಿನಲ್ಲಿ ನಾನು ಹುಲ್ಲು ಮಾಡಿದ್ದು

ಹುಲ್ಲು ಮಾಡುವುದು ದೇವರೊಬ್ಬನಿಗೇ ಗೊತ್ತಿರುವ ವಿದ್ಯೆಯೇನಲ್ಲ ಎಂದು ನಾನು ದೃಢವಾಗಿ ನಂಬಿದ್ದ ಕಾಲವೊಂದಿತ್ತು.

ಆಗ ನಾನು ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯಲ್ಲಿ ಹಾಜರಿ ಗುಮಾಸ್ತ. ಕೆಲಸ ಬಿಟ್ಟು ತನ್ನ ಸೀಮೆಗೆ ಹೊರಟ ಬಿಳಿಯ ದೊರೆಯೊಬ್ಬ ಹೋಗುವಾಗ ತನ್ನ ಆಟದ ರೈಲನ್ನು ನನ್ನ ಕೈಗಿಟ್ಟು ಹೋದ. ಕೀಲಿ ತಿರುಗಿಸಿದರೆ ಓಡುವ ಇಂಜಿನ್ನು, ಮೂರು ಡಬ್ಬಿ, ಗುಂಡಗೆ ಜೋಡಿಸುವ ಹಳಿ. ಕ್ಲಬ್ಬಿನ ಕೈಕೆಲಸದ ಪ್ರದರ್ಶನ ಹತ್ತಿರದಲ್ಲೇ ಇತ್ತು. ಬಂಗಾರಪೇಟೆಯಿಂದ ನಮ್ಮೂರಿಗೆ ಬರುವ ರೈಲುದಾರಿಯನ್ನೇ ಹಲಗೆಯ ಮೇಲೆ ನಿರ್ಮಿಸುತ್ತೇನೆಂದು ಹೆಸರು ಬರೆಸಿಬಿಟ್ಟೆ. ರಟ್ಟಿನಲ್ಲಿ ಸ್ಟೇಷನ್ ಎದ್ದಿತು, ಕಡ್ಡಿಯಲ್ಲಿ ಸಿಗ್ನಲ್ಲಿನ ಕೈಕಂಬ ಎದ್ದಿತು. ಉಳಿದದ್ದು ಹಳಿಯ ಪಕ್ಕದ ಹುಲ್ಲು ಮತ್ತು ಕಳೆ. ಅದೇನು ಮಹಾ!

"ಬಯಲಾಗೆ ಬೇಕಾದಷ್ಟು ಉಲ್ಲು ಬಿದ್ದದೆ, ಕಿತ್ಕೊಂಡು ಬನ್ನಿ" ಎಂದಳು ನನ್ನ ಹೆಂಡತಿ ನಂಜಮ್ಮ.

ನಾನು ಕನಿಕರದಿಂದ ನಕ್ಕೆ. ಬಯಲಿನ ಹುಲ್ಲನ್ನು ನೆಟ್ಟರೆ ಅದು ನನ್ನ ಸ್ಟೇಷನ್ನಿಗಿಂತ ಎತ್ತರವಾಗುತ್ತದೆ. ಆದ್ದರಿಂದ ಬಡಗಿಯ ಹತ್ತಿರ ಮರದ ಹೊಟ್ಟು ತಂದು, ಜರಡಿ ಹಿಡಿದು, ಹಸಿರು ಬಣ್ಣದಲ್ಲಿ ಕುದಿಸಿ ಒಣಗಿಸಬೇಕು; ಅದು ಹುಲ್ಲು. ತೆಂಗಿನ ನಾರನ್ನು ಚೂರು ಚೂರು ಕತ್ತರಿಸಿ ಅದೇ ಬಣ್ಣದಲ್ಲಿ ಅದ್ದಬೇಕು, ಅದು ಕಳೆ. ಹೀಗೆ ನನ್ನ ಯೋಜನೆ ಸಿದ್ಧವಾಯಿತು.

ಆದರೆ ಪಕ್ಕದ ಮನೆಯ ಆರುಮುಗಂ ಮೇಲೆ ನನಗೆ ಸಂಶಯ. ಬೆಂಕಿಕಡ್ಡಿಯಲ್ಲಿ ಗಣಿಯ ಗೋಪುರ ಮಾಡುತ್ತೇನೆಂದು ಅವನೂ ಪ್ರದರ್ಶನಕ್ಕೆ ಹೆಸರು ಬರೆಸಿದ್ದ. ಗೋಡೆಯ ಮೇಲಿಂದ ಇಣುಕುವ ಚಾಳಿ ಬೇರೆ. ನನ್ನ ಹುಲ್ಲಿನ ಗುಟ್ಟು ಕದ್ದರೆ? ಕಿಟಕಿಗಳನ್ನು ಮುಚ್ಚಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು ಒಳಗೆ ಕೂತೆ.

ನಮ್ಮೂರಿನಲ್ಲಿ ಹುಚ್ಚನೂ ಮಾಡದ ತಪ್ಪು ಅದು. ಇಲ್ಲಿ ಬಾಗಿಲು ಮುಚ್ಚಿಕೊಂಡು ಪುಡಿ ಜರಡಿ ಹಿಡಿದರೆ ಅದಕ್ಕಿರುವುದು ಒಂದೇ ಅರ್ಥ: ಗಣಿಯಿಂದ ಕಲ್ಲು ಕದ್ದು ತಂದು, ಅರೆದು, ಚಿನ್ನ ತೆಗೆಯುತ್ತಿದ್ದಾನೆ! ಸಿಕ್ಕಿಬಿದ್ದವನ ಕೆಲಸವೂ ಹೋಗುತ್ತದೆ, ಗಣಿಯವರು ಕೊಟ್ಟ ಮನೆಯೂ ಹೋಗುತ್ತದೆ. ಇದೆಲ್ಲ ಗೊತ್ತಿದ್ದೂ ನನ್ನ ತಲೆಯಲ್ಲಿ ಹುಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ.

ಮೊದಲು ಸಿಕ್ಕಿಬಿದ್ದದ್ದು ನಂಜಮ್ಮನ ಕೈಗೆ, ಊಟದ ಹೊತ್ತಿನಲ್ಲಿ.

"ಏನ್ರೀ ಇದು, ಮುದ್ದೆ ಅಸ್ರಾಗದೆ?"

"ಸೊಪ್ಪೇನಾದರೂ ಹಾಕಿದೆಯೇನೋ."

"ಮುದ್ದೆಗೆ ಯಾವಳಾದ್ರೂ ಸೊಪ್ಪಾಕ್ತಾಳಾ? ನನ್ ಪಾತ್ರೇಲಿ ಏನ್ ಬೇಯ್ಸಿದ್ರಿ, ನಿಜ ಏಳಿ!"

ನಿಜ ಹೇಳಿದೆ. ಅವಳು ಆ ಪಾತ್ರೆಯನ್ನು ನನ್ನ ಮುಂದೆಯೇ ಬೂದಿ ಹಾಕಿ ಮೂರು ಸಲ ತಿಕ್ಕಿದಳು.

ಮಾರನೆಯ ದಿನ ಆರುಮುಗಂ ಗೋಡೆಯ ಮೇಲೆ ಗದ್ದವೂರಿ ಕೇಳಿದ: "ಎನ್ನಾ ಸಾರ್, ಮನೇಲಿ ದಿನಾ ಜರಡಿ ಸದ್ದು?"

"ರಾಗಿಹಿಟ್ಟು."

"ವಾರಾ ಪೂರ್ತಿ ರಾಗಿಹಿಟ್ಟಾ ಸಾರ್? ಕೈ ಯಾಕೆ ಅಸ್ರು?"

"ಗೋರಂಟಿ" ಎಂದೆ. ನಲವತ್ತು ದಾಟಿದ ಗಂಡಸಿನ ಗೋರಂಟಿ! ಅದೂ ಹಸಿರು!

ಅಷ್ಟಕ್ಕೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ. ಹುಲ್ಲಿನ ಕೆಳಗೆ ಮಣ್ಣು ಬೇಡವೇ? ಸೈನೈಡ್ ದಿಬ್ಬದ ಮರಳು ನುಣುಪಾಗಿ, ಹಿಟ್ಟಿನಂತೆ ಇರುತ್ತದೆ. ಚಿನ್ನವೆಲ್ಲ ತೆಗೆದು ಎಸೆದ ಕಸ ಅದು. ಆ ದಿಬ್ಬದ ಮೇಲೆ ಒಂದು ಗರಿಕೆಯೂ ಹುಟ್ಟುವುದಿಲ್ಲ. ಅದನ್ನು ಟಿಫನ್ ಡಬ್ಬಿಯ ಕೆಳಗಿನ ಅಂತಸ್ತಿನಲ್ಲಿ ತುಂಬಿಕೊಂಡು ಬಂದೆ. ಗೋಡೆಯ ಬಳಿ ನಿಂತಿದ್ದ ಆರುಮುಗಂ ನನ್ನ ಮುಖ ನೋಡಲಿಲ್ಲ, ಡಬ್ಬಿ ಎಷ್ಟು ಭಾರವಾಗಿ ತೂಗುತ್ತಿದೆ ಎಂದು ನೋಡಿದ.

ಎರಡು ದಿನಕ್ಕೆ ಗಣಿಯ ಕಾವಲು ಅಧಿಕಾರಿ ಇಬ್ಬರು ಜವಾನರೊಂದಿಗೆ ಬಾಗಿಲಿಗೆ ಬಂದ. ಕಂಬಳಿ ಸರಿಸಿದ. ಜರಡಿ, ಮರಳು, ತಟ್ಟೆಯಲ್ಲಿ ಒಣಗಿದ ಪುಡಿ, ಎಲ್ಲವನ್ನೂ ನೋಡಿ ಮೀಸೆ ಸವರಿಕೊಂಡ.

"ಏನಿದು?"

"ಹುಲ್ಲು ಸಾರ್."

ಅವನು ಪುಡಿಯನ್ನು ಮೂಸಿದ. "ಇದು?"

"ಹೌದು ಸಾರ್. ಪಕ್ಕದಲ್ಲಿರುವ ನಾರು ಕಳೆ."

"ನಮ್ಮನ್ನೇನು ದನ ಅಂದುಕೊಂಡಿದ್ದೀರಾ?"

ಗಂಡನ ಮಾನ ಉಳಿಸಲು ನಂಜಮ್ಮ ಮುಂದೆ ಬಂದಳು: "ಸಾಮಿ, ಇವ್ರ ಕೈಲಿ ಗೋಡೆಗೊಂದು ಮೊಳೆ ಒಡೆಯಾಕಾಗಲ್ಲ. ಇವ್ರು ಚಿನ್ನ ಎಲ್ಲಿಂದ ತೆಗೀತಾರೆ!"

ಅಷ್ಟರಲ್ಲಿ ಆರುಮುಗಂನ ಮೇಕೆ ಬಾಗಿಲಲ್ಲಿ ಸೇರಿದ್ದ ಗುಂಪಿನ ನಡುವೆ ನುಗ್ಗಿ ಒಳಗೆ ಬಂತು. ನನಗೆ ದೇವರೇ ಸಾಕ್ಷಿ ಕಳಿಸಿದಂತಾಯಿತು. "ಸಾರ್, ನನ್ನ ಮಾತು ಬೇಡ, ಮೇಕೆಯನ್ನು ನೋಡಿ!" ಎಂದು ತಟ್ಟೆಯನ್ನು ಅದರ ಮೂತಿಗೆ ಹಿಡಿದೆ. ಮೇಕೆ ಮೂಸಿತು. ಸೀನಿತು. ತಿರುಗಿ, ಅಧಿಕಾರಿ ಬರೆಯುತ್ತಿದ್ದ ಪಂಚನಾಮೆಯನ್ನು ತಿನ್ನತೊಡಗಿತು!

ಪಂಚನಾಮೆಯನ್ನು ಮತ್ತೆ ಬರೆದರು. ಈ ಸಲ ಅಕ್ಷರಗಳು ದಪ್ಪಗಿದ್ದವು. ಪುಡಿಯೂ ಮರಳೂ ಪೊಟ್ಟಣ ಕಟ್ಟಿಸಿಕೊಂಡು ಪರೀಕ್ಷೆಯ ಕೋಣೆಗೆ ಹೋದವು. ಉತ್ತರ ಬರುವವರೆಗೆ ನಾನು ಕೆಲಸಕ್ಕೆ ಬರಕೂಡದೆಂದು ಆಜ್ಞೆಯಾಯಿತು.

ಆಗ ನಿಜವಾಗಿ ಹೆದರಿದೆ. ನಂಜಮ್ಮ ಅಟ್ಟದಿಂದ ಟ್ರಂಕು ಇಳಿಸಿ ಸೀರೆಗಳನ್ನು ಮಡಚಿಡುತ್ತಿದ್ದಳು. ಅವಳು ಬೈದಿದ್ದರೆ ಎಷ್ಟೋ ಮೇಲಿತ್ತು. ಬೀದಿಯಲ್ಲಿ ಮಾತ್ರ ನನಗೆ ಎಂದೂ ಇಲ್ಲದ ಮರ್ಯಾದೆ! ಹೋಟೆಲಿನವನು ಬೆಂಚು ಒರೆಸಿ ಕೂರಿಸಿದ. ಆರುಮುಗಂ ಕೂಡ ಹತ್ತಿರ ಬಂದು, "ತಪ್ಪಾಯ್ತು ಸಾರ್, ಕಾವಲಿನವ್ರಿಗೆ ನಾನೇ ಏಳ್ಬಿಟ್ಟೆ. ನಿಜ ಏಳಿ, ಎಷ್ಟು ಸಿಕ್ತು?" ಎಂದು ಪಿಸುಗುಟ್ಟಿದ.

ಒಂಬತ್ತನೆಯ ದಿನ ಅಧಿಕಾರಿ ನನ್ನನ್ನು ಕರೆಸಿದ. ಆರುಮುಗಂ ಸಾಕ್ಷಿಯಾಗಿ ನಿಂತಿದ್ದ. ನಾನು ಹುಲ್ಲು ಹುಲ್ಲು ಎಂದು ಬಡಿದುಕೊಂಡಿದ್ದರಿಂದ ಪರೀಕ್ಷೆಯವರಿಗೆ ಎರಡು ಪ್ರಶ್ನೆ ಬರೆದು ಕಳಿಸಿದ್ದರಂತೆ. ಅಧಿಕಾರಿ ಉತ್ತರವನ್ನು ಗಟ್ಟಿಯಾಗಿ ಓದಿದ:

"ಚಿನ್ನ: ಇಲ್ಲ."

ನನ್ನ ಕೆಲಸ ಉಳಿಯಿತು, ಮನೆ ಉಳಿಯಿತು. ಕಣ್ಣಲ್ಲಿ ನೀರು ಬಂತು. ಕೈಮುಗಿದು ಹೊರಡುವವನನ್ನು ಅವನು ತಡೆದ.

"ಇರಿ, ಇನ್ನೊಂದು ಸಾಲಿದೆ. ಹುಲ್ಲು: ಅದೂ ಇಲ್ಲ."

ಅಂದು ಸಂಜೆ ಹೋಟೆಲಿನವನು ಬೆಂಚು ಒರೆಸಲಿಲ್ಲ.