ಆರಿದ ಕಾಫಿಯ ಮೇಲೆ ನಿಂತ ಶಾಲೆ

ಶಾಲೆಯ ಚರಿತ್ರೆ ಅಡಿಗಲ್ಲಿನಿಂದ ಆರಂಭವಾಗುತ್ತದೆಂದು ನಿಮಗೆ ಹೇಳಿದವರಾರು? ತಿ. ನರಸೀಪುರದ ನಮ್ಮ ಹೆಣ್ಣುಮಕ್ಕಳ ಪ್ರೌಢಶಾಲೆ ನಿಂತಿರುವುದು ಆರಿದ ಕಾಫಿಯ ಮೇಲೆ! ಅದನ್ನು ಆರಲು ಬಿಟ್ಟವರು ನನ್ನ ಸೋದರತ್ತೆ, ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ. ನಾನು ಕಂಡ ಅತಿಥಿಗಳಲ್ಲೆಲ್ಲ ಅತ್ಯಂತ ಹಟಮಾರಿ.

ಶಾಲೆ ತೆರೆದಾಗ ಬೆಂಚುಗಳಿದ್ದವು, ಹುಡುಗಿಯರಿರಲಿಲ್ಲ. ನಮ್ಮ ಸೀಮೆಯಲ್ಲಿ ಮನೆಗೆ ಬಂದವರು ಕಾಫಿ ಮುಟ್ಟದೆ ಎದ್ದರೆ ಮನೆಯವರಿಗೆ ಅವಮಾನವಷ್ಟೆ? ಅತ್ತೆ ಅದನ್ನೇ ಅಸ್ತ್ರ ಮಾಡಿಕೊಂಡರು. ಓದು ಬಿಡಿಸಿದ ಹುಡುಗಿಯ ಮನೆಗೆ ಹೋಗಿ, ಲೋಟವನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂರುವುದು! ಯಾವ ಕೇರಿಯ ಮನೆಯೇ ಆಗಲಿ, ಒಪ್ಪಿಗೆ ಸಿಕ್ಕೊಡನೆ ಆರಿದ್ದನ್ನೇ ಗಟಗಟ ಕುಡಿದು ಏಳುವುದು!

ಸೋಸಲೆಯ ತಾಯಿಯೊಬ್ಬರು ಅದೇ ಕಾಫಿಯನ್ನು ಕಾಯಿಸಿ ಕಾಯಿಸಿ ಸುಸ್ತಾದರು. "ಕುಡೀರವ್ವ, ಆರೋಯ್ತದೆ!"

"ಆರ್ಲಿ ಬಿಡಿ. ಮಗಳನ್ನ ಕಳಿಸ್ತೀರೋ ಇಲ್ವೋ?" ಎಂದರು ಅತ್ತೆ.

ಜಗಲಿಯಿಂದ ಆಕೆಯ ಗಂಡ ಕೂಗಿದರು: "ಕಳಿಸ್ತೀವಿ ಅನ್ನಮ್ಮಿ ಅತ್ಲಾಗೆ! ಇರೋ ಸೌದೆಯೆಲ್ಲ ಮುಗೀತು!"

ಸೋಮನಾಥಪುರದ ಅಜ್ಜರೊಬ್ಬರು ಮಾತ್ರ ಬಗ್ಗಲಿಲ್ಲ. "ನಿಮ್ಗೆ ಬ್ಯಾಡ್ವಾ? ಇತ್ಲಾಗ್ ಕೊಡಿ" ಎಂದು ಅತ್ತೆಯ ಕಾಫಿಯನ್ನು ತಾವೇ ಕುಡಿದು ಮೀಸೆ ಒರೆಸಿಕೊಂಡರು! ಅತ್ತೆ ಸೋಲುವವರೇ? ಮರುದಿನ ಸರಿಯಾಗಿ ಊಟದ ಹೊತ್ತಿಗೆ ಹೋಗಿ, ಬಡಿಸಿದ ಮುದ್ದೆಯನ್ನು ಮುಟ್ಟದೆ ಕೂತರು. ಅತಿಥಿ ಕೈಯಿಡದ ತಟ್ಟೆಯೆದುರು ಮನೆಯ ಯಜಮಾನ ಮುದ್ದೆ ಮುರಿಯುವುದು ಹೇಗೆ? ಹಸಿದ ಅಜ್ಜ ಮೊಮ್ಮಗಳನ್ನು ಕರೆದು, "ಓಗವ್ವ, ಓದ್ಕೋ ಓಗು. ನಾನ್ ಉಣ್ಬೇಕು!" ಎಂದರು.

ಈ ವರ್ಷ ಎಂಟನೇ ತರಗತಿಗೆ ಮಕ್ಕಳು ಕಡಿಮೆಯಾಗಿ, ಶಾಲೆ ಮುಚ್ಚುವ ಮಾತು ಕೇಳಿಬಂತು. ನಂಜನಗೂಡು ರಸ್ತೆಯ ಹಳ್ಳಿಯೊಂದಕ್ಕೆ ಅತ್ತೆಯೊಡನೆ ನಾನೂ ಹೋದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳಲ್ಲವೇ? ಪೂರ್ವಪಕ್ಷ, ಖಂಡನೆ, ಸಿದ್ಧಾಂತ ಎಲ್ಲವನ್ನೂ ಮಂಡಿಸಿದೆ. ಹುಡುಗಿಯ ತಂದೆ ತಾಳ್ಮೆಯಿಂದ ಕೇಳಿಸಿಕೊಂಡರು.

"ಚೆಂದಾಗ್ ಮಾತಾಡ್ತೀರಿ ಕಣವ್ವ. ಆದ್ರೆ ಸಂಜೆ ಬಸ್ಸು ಬಂದಾಗ್ ಬಂತು. ಕತ್ಲಾಗೋಗಂಟ ಕೂಸು ಸ್ಟ್ಯಾಂಡಲ್ಲಿ ಒಂದೇ ನಿಂತಿರ್ಬೇಕಲ್ಲ, ನಿಮ್ಮನೆ ಕೂಸಾಗಿದ್ರೆ ಕಳಿಸ್ತಿದ್ರಾ?"

ನಾನು ಅತ್ತೆಯ ಕಡೆ ತಿರುಗಿದೆ. ಅತ್ತೆ ಲೋಟವೆತ್ತಿ ಬಿಸಿ ಕಾಫಿಯನ್ನು ಕುಡಿದೇಬಿಟ್ಟರು! "ನೀವು ಹೇಳೋದು ನ್ಯಾಯ. ಬಸ್ ಹತ್ತಿಸೋ ಜವಾಬ್ದಾರಿ ನಂದು."

ಈಗ ಆ ಹುಡುಗಿ ಬರುತ್ತಿದ್ದಾಳೆ, ಅವಳ ಊರಿನ ಗೆಳತಿಯರೂ ಬರುತ್ತಿದ್ದಾರೆ. ಸಂಜೆ ಅತ್ತೆ ಅವರೊಡನೆ ನಿಲ್ದಾಣದಲ್ಲಿ, ನೋಯುವ ಮಂಡಿಗಳ ಮೇಲೆ ಭಾರ ಬದಲಿಸುತ್ತ ನಿಂತಿರುತ್ತಾರೆ. ಕೂರಿ ಎಂದರೆ, "ಕೂತ್ರೆ ಬಸ್ ಕಾಣಲ್ಲ ಕಣೇ" ಎನ್ನುತ್ತಾರೆ. ನಾನು ಓದಿದ್ದು, ವಾದಿಸಲು ಕಲಿತದ್ದು ಅದೇ ಶಾಲೆಯಲ್ಲಿ. ಆ ಋಣಕ್ಕೆ ಮಾತು ಸಾಲದು. ಆದ್ದರಿಂದ ನಾನೂ ಅವರ ಪಕ್ಕದಲ್ಲಿ ನಿಲ್ಲುತ್ತೇನೆ. ಸಂಜೆ ತಿ. ನರಸೀಪುರದ ಬಸ್ ನಿಲ್ದಾಣದ ಕಡೆ ಬಂದರೆ, ಈ ಮಕ್ಕಳ ಬಸ್ಸು ಬರುವವರೆಗೆ ದಯವಿಟ್ಟು ನೀವೂ ನಮ್ಮ ಜೊತೆ ನಿಲ್ಲಿ.