ಒಳಗಿನ ಅತ್ತೆ, ಬಾಗಿಲಲ್ಲಿ ಮಾವ

ಲೋಕದ ಸೊಸೆಯರಿಗೆಲ್ಲ ಅತ್ತೆ ಹೊರಗಿರುತ್ತಾಳೆ. ನನಗೆ ಹೊರಗಿದ್ದದ್ದು ಬಂಗಾರದಂಥ ಅತ್ತೆ. ಕಾಟ ಕೊಡುವವಳು ನನ್ನೊಳಗೇ ಠಿಕಾಣಿ ಹೂಡಿದ್ದಳು. ಮಳವಳ್ಳಿಯ ತವರಿನಲ್ಲಿ ನಾನು ಎಲ್ಲರಿಗಿಂತ ಕಿರಿಯವಳು. ಒಲೆಯ ಹತ್ತಿರ ಸುಳಿದರೆ ಸಾಕು, ಅಕ್ಕಂದಿರು "ನಿನ್ ಕೈಲಾಗಾಕಿಲ್ಲ, ಬುಡೇ" ಎಂದು ಎಬ್ಬಿಸಿ ಕಳಿಸುತ್ತಿದ್ದರು. ಮದುವೆಯಾಗಿ ದುದ್ದದ ಗಂಡನ ಮನೆಗೆ ಬಂದೆ, ಅಕ್ಕಂದಿರು ಅಲ್ಲೇ ಉಳಿದರು, ಆ ಮಾತು ಮಾತ್ರ ನನ್ನ ಜೊತೆ ಗಾಡಿ ಹತ್ತಿ ಬಂತು. ರಂಗೋಲಿ ಎಳೆದರೆ "ಸೊಟ್ಟ" ಅನ್ನುವುದು, ಸಾರಿಗೆ ಉಪ್ಪು ಹಾಕಿದರೆ "ಕೆಟ್ಟಿತು" ಅನ್ನುವುದು. ನಾನೋ, ಹೌದೌದು ಎಂದು ತಲೆಯಾಡಿಸುವ ವಿಧೇಯ ಸೊಸೆ!

ಯುದ್ಧದ ಕಾಲ. ಅಕ್ಕಿ ಕಣ್ಣಿಗೆ ಬೀಳುತ್ತಿರಲಿಲ್ಲ. ಹೊತ್ತು ಹೊತ್ತಿಗೂ ರಾಗಿ ಮುದ್ದೆಯೇ. ನಮ್ಮ ಕಡೆ ಅದನ್ನು ಹಿಟ್ಟು ಎನ್ನುತ್ತಾರೆ, ಆಡುಮಾತಿನಲ್ಲಿ ಇಟ್ಟು. ಕಬ್ಬು ಕಡಿಯಲು ಆಳುಗಳು ಬಂದ ದಿನವೇ ಅತ್ತೆ ಕೊಟ್ಟಿಗೆಯಲ್ಲಿ ಜಾರಿ ಬಲಗೈ ಉಳುಕಿಸಿಕೊಂಡರು. ದೊಡ್ಡ ಮಡಕೆಯ ಹಿಟ್ಟು ನನ್ನ ಪಾಲಿಗೆ ಬಂತು. ಹಿಟ್ಟನ್ನು ಯಾರಾದರೂ ಅಗಿಯುತ್ತಾರೆಯೇ? ನುಂಗಬೇಕು. ನುಂಗುವಾಗ ಗಂಟು ಸಿಕ್ಕಿತೋ, ಮನೆಯ ಮಾನ ಸಂಜೆಯೊಳಗೆ ಊರವರ ಬಾಯಲ್ಲಿ.

"ಅತ್ತೆ, ನನ್ ಕೈಲಾಗಾಕಿಲ್ಲ" ಎಂದೆ.

"ಅಂಗಂತ ಇಟ್ಟು ಬಂದು ಏಳ್ತಾ ನಿನ್ಗೆ? ಕೋಲು ಇಡ್ಕೊ ಕಣಮ್ಮಿ" ಎಂದರು ಅತ್ತೆ.

ಮಡಕೆ ಇಳಿಸಿದೆ. ಅದು ಅಲುಗದಂತೆ ಕತ್ತಿಗೆ ಕವೆಗೋಲು ಸಿಕ್ಕಿಸಿ, ಅದರ ಎರಡು ಕವಲನ್ನೂ ಪಾದಗಳಿಂದ ಒತ್ತಿ ಹಿಡಿದು, ಹಿಟ್ಟಿನ ಕೋಲಿನಿಂದ ತೊಳಸತೊಡಗಿದೆ. ಒಳಗಿನವಳು ಶುರು ಹಚ್ಚಿಕೊಂಡಳು. ಗಂಟಾಯ್ತು, ಮಡಕೆ ಒಡೀತು, ಮಾನ ಹೋಯ್ತು! ರಟ್ಟೆ ಬಿದ್ದುಹೋಗುತ್ತಿದೆ, ಹೊಗೆಗೆ ಕಣ್ಣಲ್ಲಿ ನೀರು. ಎಲ್ಲಿತ್ತೋ ಸಿಟ್ಟು, "ಸಾಕು, ಬಾಯ್ ಮುಚ್ಕೊಂಡು ಕುಂತ್ಕೊ!" ಎಂದು ಗಟ್ಟಿಯಾಗಿ ಗದರಿಬಿಟ್ಟೆ.

ಒಳಗಿನವಳು ಗಪ್‌ಚಿಪ್. ತಿರುಗಿ ನೋಡಿದರೆ ಬಾಗಿಲಲ್ಲಿ ಮಾವ! ಅಡುಗೆ ಆಯಿತೇ ಎಂದು ಕೇಳಲು ಬಂದಿದ್ದರು ಪಾಪ. ಊರೇ ಹೆದರುವ ಆ ಮನುಷ್ಯ ಮೆಲ್ಲಗೆ ಜಗಲಿಗೆ ಹೋಗಿ, ಬಾಯಿ ಮುಚ್ಚಿಕೊಂಡು ಕುಳಿತರು.

ಹೆದರಿ ಸಾಯೋಣವೆಂದರೆ ಪುರಸೊತ್ತಿಲ್ಲ, ಹಿಟ್ಟು ಆರುತ್ತದೆ. ಉಂಡೆ ಕಟ್ಟಿ ಬಡಿಸಿದೆ. ಬಾಗಿಲ ಸಂದಿಯಿಂದ ಒಬ್ಬೊಬ್ಬರ ಗಂಟಲನ್ನೇ ನೋಡುತ್ತ ನಿಂತೆ. "ಬೆಣ್ಣೆ ಆದಂಗದೆ ಕಣವ್ವ, ಇನ್ನೊಂದು ಇಕ್ಕು" ಎಂದ ಒಬ್ಬ ಆಳು. ಆಹಾ, ಹೆಮ್ಮೆಯಿಂದ ನಾನು ನೆಲದ ಮೇಲಿರಲಿಲ್ಲ! ಮಾವನೂ ಇನ್ನೊಂದಕ್ಕೆಂದು ತಟ್ಟೆ ಮುಂದಕ್ಕೆ ತಳ್ಳಿದರು.

ಎಲ್ಲರೂ ಎದ್ದ ಮೇಲೆ ಅತ್ತೆಯ ಹತ್ತಿರ ಓಡಿದೆ. "ಮಾವುಂಗೆ ಅಂದಿದ್ದಲ್ಲ ಅತ್ತೆ, ನನ್ಗೆ ನಾನೇ ಅಂದ್ಕಂಡಿದ್ದು. ಓಗಿ ಅವ್ರಿಗೇ ಏಳ್ಬುಡ್ತೀನಿ."

ಅತ್ತೆ ಎಡಗೈಯಿಂದ ನನ್ನ ಸೆರಗು ಹಿಡಿದೆಳೆದರು. "ಸುಮ್ಕಿರು! ಏಳ್ಗೀಳೀಯೆ! ಮದ್ವೆಯಾದಾಗಿಂದ ನಾನೇ ನಿಮ್ಮಾವುಂಗೆ ಆ ಮಾತ ಅನ್ಬೇಕು ಅಂತ ಕಾಯ್ತಾ ಇವ್ನಿ. ಬಾಯ್ ತಗುದ್ರೆ ಸಾಕು, 'ನಿನ್ ಕೈಲಾಗಾಕಿಲ್ಲ' ಅಂತ ಒಳ್ಗೊಬ್ಳು ಅಂತಾಳೆ ಕಣಮ್ಮಿ."

ಅತ್ತೆಯ ಒಳಗೂ ಒಬ್ಬ ಅತ್ತೆ!

ಮಾರನೆಯ ಬೆಳಿಗ್ಗೆ ಮಾವ ಜಗಲಿಯಿಂದ "ನೀರು!" ಎಂದು ಗುಡುಗಿದರು. ಅತ್ತೆ ನನ್ನ ಮುಖ ನೋಡಿದರು, ಉಸಿರು ಎಳೆದುಕೊಂಡರು. "ಕೈ ನೋಯ್ತದೆ. ನೀವೇ ಎದ್ ಬಂದು ತಕ್ಕಳಿ" ಎಂದರು. ಮಾವ ಎದ್ದು ಬಂದರು. ಬಂದು, ನೀರಿನ ಗಡಿಗೆ ಎಲ್ಲಿದೆ ಎಂದು ಕೇಳಿದರು.

ಸೊಸೆ ಬಂದು ಮಾವನನ್ನು ಗದರಿ ಅತ್ತೆಯನ್ನೂ ಕೆಡಿಸಿದಳು ಎಂದು ಊರಲ್ಲಿ ಆಡಿಕೊಳ್ಳುತ್ತಾರೆ. ನಾನು ಬೈದುಕೊಂಡದ್ದು ನನ್ನನ್ನೇ ಎಂಬುದು ನನಗೆ ಗೊತ್ತು, ಅತ್ತೆಗೆ ಗೊತ್ತು. ಆದರೂ ಮಾವನನ್ನು ಗದರಿದ್ದು ನೀನೇನಾ ಎಂದು ಯಾರಾದರೂ ಕೇಳಿದರೆ ಸೆರಗು ಸರಿಮಾಡಿಕೊಂಡು "ಊಂ, ನಾನೇ" ಎನ್ನುತ್ತೇನೆ.