ಎರೆಸೀಮೆಯವನ ಕಾಡುಕಾವಲು

ನಂಬದವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಸರವಿಲ್ಲ. ಹೋಗುವ ಮುಂಚೆ ಇಷ್ಟು ತಿಳಿದಿರಲಿ: ಅಜ್ಜಂಪುರದ ಎರೆಸೀಮೆಯಲ್ಲಿ ಓಡುವ ಕೋಣದ ಕೊಂಬು ಹಿಡಿದು ನಿಲ್ಲಿಸಿದವನು ನಾನು. ತುಂಬಿದ ಈರುಳ್ಳಿ ಚೀಲವನ್ನು ಒಬ್ಬನೇ ಎತ್ತಿ ಗಾಡಿಗೆ ಹಾಕಿದವನೂ ನಾನೇ. ಇಂಥವನು ತಲೆ ತಗ್ಗಿಸಬಾರದು. ಆದರೆ ಎಪ್ಪತ್ತೊಂಬತ್ತನೇ ಇಸವಿಯಲ್ಲಿ ತರೀಕೆರೆ ಕಡೆಯ ಕಾಡಿಗೆ ವಾಚರ್ ಆಗಿ ಸೇರಿದ್ದೇ ಸೇರಿದ್ದು, ತಗ್ಗಿಸಿದ ತಲೆ ಎತ್ತಲು ಪುರುಸೊತ್ತೇ ಸಿಗಲಿಲ್ಲ.

ಸೇರಿದ್ದು ದಿನಗೂಲಿಗೆ. ಗಾರ್ಡ್ ಆಗಿ ಪರ್ಮನೆಂಟ್ ಆದರೆ ಮಗಳನ್ನು ಕೊಡುತ್ತೇನೆ ಅಂತ ಸಿಂಗಟಗೆರೆಯ ಸೋದರಮಾವ ಮಾತು ಕೊಟ್ಟಿದ್ದರು. ಹುಡುಗಿಗೂ ಮನಸ್ಸಿತ್ತು. ನನಗಿತ್ತು ಅಂತ ಬೇರೆ ಹೇಳಬೇಕಾಗಿಲ್ಲ. ಅದಕ್ಕೇ ರೇಂಜರ್ ಸಾಹೇಬರ ಮುಂದೆ ಎದೆ ಸೆಟೆಸಿ, "ಕಾಡು ಅಂದ್ರೆ ನಮ್ಮನೆ ಹಿತ್ಲಿದ್ದಂಗೆ ಸಾರ್" ಅಂದುಬಿಟ್ಟೆ. ನಿಜ ಹೇಳಬೇಕೆಂದರೆ ನಮ್ಮ ಕಡೆ ಇರುವುದೆಲ್ಲ ಬಯಲು. ಅಷ್ಟು ಮರಗಳನ್ನು ಒಟ್ಟಿಗೆ ನೋಡಿದ್ದು ಅವತ್ತೇ ಮೊದಲು.

೧. ಬೊಗಳಿದ ಸದ್ದು

ಸೇರಿದ ಹೊಸತು. ಮಧ್ಯಾಹ್ನ ಹಿರಿಯ ಗಾರ್ಡ್ ಹಳ್ಳದಲ್ಲಿ ಕೈಕಾಲು ತೊಳೆಯುತ್ತಿದ್ದರು. ಬುತ್ತಿ ಬಿಚ್ಚಿಕೊಂಡು ನಾನೊಬ್ಬನೇ ಕೂತಿದ್ದೆ. ಬಿದಿರುಮೆಳೆಯ ಹಿಂದೆ ಭೌ ಅಂತ ಸದ್ದು. ಕಳ್ಳಬೇಟೆಯವರ ನಾಯಿಯೇ ಸರಿ, ಹಿಡಿದುಕೊಟ್ಟರೆ ಹೆಸರು ಬರುತ್ತೆ ಅಂತ ಬುತ್ತಿಯ ರೊಟ್ಟಿ ಮುರಿದು ಮುಂದೆ ಚಾಚಿ, "ಬಾ ಮರಿ, ಬಾ ಬಾ" ಅನ್ನುತ್ತಾ ಮೆಳೆಗೆ ನುಗ್ಗಿದೆ.

ಗಾರ್ಡ್ ಓಡಿಬಂದು ನನ್ನ ಕತ್ತಿನ ಪಟ್ಟಿ ಹಿಡಿದು ಹಿಂದಕ್ಕೆಳೆದರು.

"ಯಾರನ್ನೋ ಊಟಕ್ಕೆ ಕರೀತಿದ್ದೀಯ?"

"ನಾಯಿ ಸಾರ್."

"ನಾಯಲ್ಲ ಕಣೋ, ಕಾಡುಕುರಿ. ಅದು ಹಂಗೆ ಬೊಗಳೋದು ಹುಲಿ ಕಂಡಾಗ."

ರೊಟ್ಟಿ ಇನ್ನೂ ಚಾಚಿದಂತೆಯೇ ಇತ್ತು. ಗಾರ್ಡ್ ಅದನ್ನೇ ನೋಡಿ ಹೇಳಿದರು: "ಹುಲಿ ರೊಟ್ಟಿ ತಿನ್ನಲ್ಲ. ಹಿಡ್ಕಂಡಿರೋ ಕೈ ತಿನ್ನುತ್ತೆ."

೨. ಖಾಕಿ ಅಂಗಿ

ವಾಚರಿಗೆ ಖಾಕಿ ಇಲ್ಲ. ಆದರೂ ಮಾವ ನೋಡೋಕೆ ಬರುತ್ತಾರೆ ಅಂತ ಗೊತ್ತಾದಾಗ ತರೀಕೆರೆಯಲ್ಲಿ ಒಂದು ಅಂಗಿ ಹೊಲಿಸಿದೆ. ಬೇಸಿಗೆಗೆ ಮುಂಚೆ ಒಣಹುಲ್ಲು ಸುಟ್ಟು ಬೆಂಕಿರೇಖೆ ಮಾಡುವ ಕಾಲ ಅದು. ಹಾಗೆ ಮಾಡಿಟ್ಟರೆ ಬೇಸಿಗೆಯ ಬೆಂಕಿ ಆ ಗೆರೆ ದಾಟುವುದಿಲ್ಲ. ಅಂಗಿಗೆ ಮಸಿ ಆಗಬಾರದು ಅಂತ ಬಿಚ್ಚಿ ಒಂದು ಮತ್ತಿ ಮರದ ಕೊಂಬೆಗೆ ನೇತುಹಾಕಿದೆ. "ಗಾಳಿ ನೋಡ್ಕಳೋ" ಅಂದರು ಗಾರ್ಡ್. "ಹೊಲದ ಕೂಳೆ ಸುಟ್ಟ ಕೈ ಇದು" ಅಂದೆ. ಗಾಳಿ ತಿರುಗಿ ಬೆಂಕಿ ಆ ಮರದ ಕಡೆಗೇ ನುಗ್ಗಿತು. ಎಲ್ಲರೂ ಸೊಪ್ಪು ಹಿಡಿದು ಬಡಿದು ಬಡಿದು ಬೆಂಕಿ ಆರಿಸಿದೆವು. ಅಂಗಿಯಲ್ಲಿ ಉಳಿದಿದ್ದು ಒಂದು ಕಾಲರು, ಎರಡು ಗುಂಡಿ.

ಅದೇ ಹೊತ್ತಿಗೆ ಮಾವ ಬಂದರು. ನನ್ನದು ಹರಿದ ಬನಿಯನ್, ಸುಟ್ಟ ಹುಬ್ಬು, ಮುಖದ ತುಂಬ ಮಸಿ. ಗುರುತು ಸಿಗದೆ ನನ್ನನ್ನೇ ನಿಲ್ಲಿಸಿ ಕೇಳಿದರು: "ಲೇ ತಮ್ಮಾ, ಇಲ್ಲಿ ಗಾರ್ಡ್ ಆಗೋ ನಮ್ಮ ಹುಡ್ಗ ಒಬ್ನು ಇದ್ದಾನಲ್ಲ, ಎಲ್ಲವ್ನೆ?"

ಆಗಲೇ ಹೊರಟುಹೋದ ಅಂದುಬಿಟ್ಟೆ.

೩. ದೊಡ್ಡ ಸಾಹೇಬರು

ಹುಲಿ ಗಣತಿ ಬಂತು. ದೊಡ್ಡ ಸಾಹೇಬರು ಮೆಚ್ಚಿದರೆ ಗಾರ್ಡ್ ಕೆಲಸ ಖಾತ್ರಿ ಅಂತ ರೇಂಜರ್ ಹೇಳಿದ್ದರು. ಹಿಂದಿನ ದಿನವೇ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ವಿವರಿಸಿದರು: "ನೀರುಗುಂಡಿ ಹತ್ರದ ಹಾದಿ ಸಂಜೆನೇ ಗುಡಿಸಿ, ಮಣ್ಣು ನುಣ್ಣಗೆ ಮಾಡಿ ಬಂದ್ಬಿಡಿ. ನೀರಿಗೆ ಬರೋ ಹುಲಿ ಹೆಜ್ಜೆ ಅದ್ರಲ್ಲಿ ಮೂಡುತ್ತೆ. ಬೆಳಿಗ್ಗೆ ದೊಡ್ಡ ಸಾಹೇಬರು ಬಂದು ಪ್ಲಾಸ್ಟರ್ ಸುರಿದು ಅಚ್ಚು ತೆಗೀತಾರೆ."

ನನ್ನ ಕಿವಿಗೆ ಬಿದ್ದಿದ್ದು 'ಗುಡಿಸಿ' ಮತ್ತು 'ದೊಡ್ಡ ಸಾಹೇಬರು' ಅಷ್ಟೇ. ಉಳಿದ ಹೊತ್ತು ಪಕ್ಕದವನಿಗೆ ನನ್ನ ಮದುವೆ ಊಟದ ವಿಚಾರ ಹೇಳುತ್ತಿದ್ದೆ.

ಬೆಳಕು ಹರಿಯುವಾಗಲೇ ಎದ್ದು ಹೋಗಿ ನೋಡಿದರೆ, ಸಂಜೆ ಗುಡಿಸಿದ ಹಾದಿಯ ತುಂಬ ಗಲೀಜು. ನಮ್ಮೂರಿಗೆ ಅಮಲ್ದಾರರು ಬಂದರೇ ಊರಬಾಗಿಲಿನಿಂದ ಗುಡಿಸಿ ನೀರು ಚಿಮುಕಿಸುತ್ತೇವೆ. ಇವರು ಅವರಿಗಿಂತ ದೊಡ್ಡವರು. ಸೊಪ್ಪಿನ ಪೊರಕೆ ಮಾಡಿ, ಚಪ್ಪಲಿ ಬಿಟ್ಟು, ಹಿಂದೆ ಹಿಂದೆ ನಡೆಯುತ್ತಾ ಇಡೀ ಹಾದಿ ಗುಡಿಸಿ ನೀರು ಚಿಮುಕಿಸಿದೆ. ಮದುವೆಮನೆ ಅಂಗಳ ಸೋಲಬೇಕು, ಹಾಗೆ.

ಸಾಹೇಬರು ಬಂದು ಬಗ್ಗಿ ಬಗ್ಗಿ ಹುಡುಕಿದರು. "ಏನ್ರೀ ರೇಂಜರ್, ಇಲ್ಲಿ ಇರುವೆ ಓಡಾಡಿದ ಗುರುತೂ ಇಲ್ಲ."

ಇದೇ ಸಮಯ ಅಂತ ಮುಂದೆ ಬಂದು ಸಲ್ಯೂಟ್ ಹೊಡೆದೆ. "ನಾನೇ ಸಾರ್ ಇನ್ನೊಂದ್ಸಲ ಗುಡಿಸಿದ್ದು. ಯಾವ್ದೋ ಪ್ರಾಣಿ ಎಲ್ಲಾ ತುಳ್ದು ಹಾಳ್ಮಾಡಿತ್ತು. ಅಂಗೈಯಗಲ ಹೆಜ್ಜೆ. ಪಕ್ಕದಲ್ಲೇ ಮರಿಗಳ್ದೂ ಇತ್ತು ಸಾರ್."

ರೇಂಜರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಸಾಹೇಬರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಹಾದಿಯ ಕೊನೆಗೆ ನಡೆದರು. ಅಲ್ಲಿ ಹಸಿಮಣ್ಣಿನಲ್ಲಿ ಆಳವಾಗಿ ಒಂದೇ ಒಂದು ಹೆಜ್ಜೆ ಮೂಡಿತ್ತು.

"ಬರಿಗೈಲಿ ಹೋಗೋದು ಬೇಡ. ಇದನ್ನೇ ತೆಗೀರಿ."

ಪ್ಲಾಸ್ಟರ್ ಕಲಸಿ ಸುರಿದರು. ಒಣಗುವ ತನಕ ಎಲ್ಲರೂ ಸುತ್ತ ನಿಂತರು, ನಾನೂ ನಿಂತೆ. "ಯಾವ ಪ್ರಾಣಿ ಅಂತ ಬರ್ಕೊಳ್ಳೋದು ಸಾರ್?" ಅಂತ ಹಿರಿಯ ಗಾರ್ಡ್ ಕೇಳಿದರು, ಮುಖ ಗಂಭೀರ ಮಾಡಿಕೊಂಡು.

"ಗೊತ್ತಾಗ್ತಿಲ್ಲ ಕಣ್ರೀ" ಅಂದರು ಸಾಹೇಬರು. "ಆದ್ರೆ ಈ ಕಾಡಿಂದಲ್ಲ."

ಗೇಟಿನ ಹತ್ತಿರ ಮಾವ ಎಲೆ, ಅಡಿಕೆ, ಬಾಳೆಹಣ್ಣಿನ ಚೀಲ ಹಿಡಿದು ಕಾಯುತ್ತಿದ್ದರು. ನನ್ನ ಕೈಯಲ್ಲಿ ಪೇಪರ್ ಸುತ್ತಿದ ಗಂಟು ನೋಡಿ ಅವರ ಮುಖ ಅರಳಿತು.

"ಏನಪ್ಪಾ ಅಳಿಯದೇವ್ರು, ದೊಡ್ಡ ಸಾಹೇಬರು ಏನು ಕೊಟ್ರು?"

ಅವರೇ ಬಿಚ್ಚಿ ನೋಡಿದರು. ಆಮೇಲೆ ಬಗ್ಗಿ ನನ್ನ ಪಾದ ನೋಡಿದರು.

ಗಾರ್ಡ್ ಕೆಲಸ ಇನ್ನೊಬ್ಬನಿಗೆ ಹೋಯಿತು. ಮಾವನ ಮಗಳನ್ನು ಹಿರೇನಲ್ಲೂರಿನ ಮೇಷ್ಟರಿಗೆ ಕೊಟ್ಟರು. ನನಗೆ ಕೊಟ್ಟಿದ್ದು ನನ್ನದೇ ಬಲಗಾಲಿನ ಪ್ಲಾಸ್ಟರ್ ಅಚ್ಚು.